ತುರ್ಕಿ ನಾಡು, ಟರ್ಕಿ ಕೋಳಿ: ಒಂದು ನಾಮವಿಚಾರ

ಕನ್ನಡ ವ್ಯಾಕರಣದ ಪ್ರಾರಂಭದ ಪಾಠಗಳಲ್ಲಿಯೇ ವಿದ್ಯಾರ್ಥಿಗೆ ನಾಮಪದದ ಮೂರು ಬಗೆಗಳ ಪರಿಚಯವಾಗುತ್ತದೆ. ನದಿ, ಊರು, ಹಕ್ಕಿ ಎಂಬಂತಹವು ರೂಢನಾಮಗಳು; ಕೃಷ್ಣಾ, ಧಾರವಾಡ, ಬಸವಣ್ಣ ಎಂಬಂತಹವು ಅಂಕಿತನಾಮಗಳು; ವಿದ್ವಾಂಸ, ವ್ಯಾಪಾರಿ, ರೋಗಿ ಎಂಬಂತಹವು ಅರ್ಥಕ್ಕೆ ಅನುಗುಣವಾಗಿ ಬಂದ ಅನ್ವರ್ಥನಾಮಗಳು. ಶಾಸ್ತ್ರದಲ್ಲಿ ಈ ಮೂರರ ಗಡಿಗಳು ಸ್ಪಷ್ಟವಾಗಿವೆ. ಲೋಕವ್ಯವಹಾರದಲ್ಲಾದರೋ ಒಂದರ ಹೊಲಕ್ಕೆ ಇನ್ನೊಂದು ನುಗ್ಗುವುದುಂಟು. ಒಂದು ನಾಡಿನ ಅಂಕಿತನಾಮವು ಒಂದು ಹಕ್ಕಿಯ ರೂಢನಾಮವಾಗಿ, ಕೇಳಿದವರಿಗೆಲ್ಲ ಅದು ಅನ್ವರ್ಥನಾಮವೇ ಇರಬೇಕೆಂಬ ಭ್ರಾಂತಿಯನ್ನುಂಟುಮಾಡಿದ ಸ್ವಾರಸ್ಯವಾದ ಉದಾಹರಣೆ ‘ಟರ್ಕಿ’ ಎಂಬ ಶಬ್ದ.

ಟರ್ಕಿ ಕೋಳಿಯ ಚಿತ್ರವನ್ನು ಕಂಡ ಬಾಲಕನು ಅದು ಟರ್ಕಿ ದೇಶದ ಹಕ್ಕಿಯೇ ಎಂದು ಕೇಳಿದರೆ ಪ್ರಶ್ನೆ ಸಹಜವಾದುದೇ. ಉತ್ತರ ಮಾತ್ರ ಅಷ್ಟು ಸುಲಭವಲ್ಲ. ಆ ಹಕ್ಕಿಯ ಜನ್ಮಭೂಮಿ ಅಮೆರಿಕಾ ಖಂಡ. ಅದಕ್ಕೆ ತುರ್ಕಿಯ ಹೆಸರನ್ನಿಟ್ಟವರು ಇಂಗ್ಲಿಷರು. ತುರ್ಕರು ತಮ್ಮ ಭಾಷೆಯಲ್ಲಿ ಅದನ್ನು ‘ಹಿಂದಿ’ ಎನ್ನುತ್ತಾರೆ, ಎಂದರೆ ಹಿಂದೂದೇಶದ್ದು. ಹಿಂದೂದೇಶದ ಚಕ್ರವರ್ತಿಯ ಆಸ್ಥಾನಕ್ಕಾದರೋ ಅದು ಹದಿನೇಳನೆಯ ಶತಮಾನದ ಆದಿಯಲ್ಲಿ ಯಾರೂ ಕಂಡರಿಯದ ವಿಚಿತ್ರ ಜೀವಿಯಾಗಿ ಬಂದಿತು. ಒಬ್ಬರ ಮನೆಯ ಕೂಸನ್ನು ಮತ್ತೊಬ್ಬರ ತೊಟ್ಟಿಲಲ್ಲಿ ಮಲಗಿಸಿ ಮೂರನೆಯವರ ಹೆಸರನ್ನಿಟ್ಟ ಬಗೆ ಇದು. ಈ ತೊಡಕನ್ನು ಬಿಡಿಸಬೇಕಾದರೆ ತುರ್ಕರ ಇತಿಹಾಸವನ್ನೂ ಹಕ್ಕಿಯ ವೃತ್ತಾಂತವನ್ನೂ ಒಂದಾದಮೇಲೊಂದರಂತೆ ಪರಿಶೀಲಿಸಬೇಕು.

ಶಿಲೆಯಲ್ಲಿ ಮೂಡಿದ ಹೆಸರು

ತುರ್ಕರ ಮೂಲಸ್ಥಾನ ಇಂದಿನ ತುರ್ಕಿ ದೇಶವಲ್ಲ. ಮಧ್ಯ ಏಷ್ಯಾದ ಹುಲ್ಲುಗಾವಲುಗಳಲ್ಲಿ ಕುದುರೆ ಕುರಿಗಳನ್ನು ಸಾಕಿಕೊಂಡು ಅಲೆಯುತ್ತಿದ್ದ ಕುಲಗಳು ಅವರವು. ಕ್ರಿ.ಶ. 552ರಲ್ಲಿ ಬೂಮಿನ್ ಎಂಬ ನಾಯಕನು ತನ್ನ ಮೇಲಿದ್ದ ಒಡೆಯರನ್ನು ಸೋಲಿಸಿ ‘ಖಾಗಾನ’ನೆಂಬ ಬಿರುದನ್ನು ಧರಿಸಿ ರಾಜ್ಯವೊಂದನ್ನು ಸ್ಥಾಪಿಸಿದನು. ‘ತುರ್ಕ’ ಎಂಬ ಹೆಸರು ಒಂದು ರಾಜ್ಯದ ಹೆಸರಾಗಿ ಇತಿಹಾಸದಲ್ಲಿ ನಿಂತುದು ಆ ಕಾಲದಲ್ಲಿಯೇ.

ಇಂದಿನ ಮಂಗೋಲಿಯಾದ ಓರ್ಖೋನ್ ನದಿಯ ಕಣಿವೆಯಲ್ಲಿ ನಿಂತಿರುವ ಎಂಟನೆಯ ಶತಮಾನದ ಶಿಲಾಶಾಸನಗಳು ತುರ್ಕಿ ಭಾಷೆಯ ಅತಿ ಪ್ರಾಚೀನ ಲಿಖಿತಗಳಲ್ಲಿ ಮುಖ್ಯವಾದವು. ಕುಲ್ ತೆಗಿನನ ನೆನಪಿನ ಕಲ್ಲು 732ರದು; ಅವನ ಅಣ್ಣ ಬಿಲ್ಗೆ ಖಾಗಾನನದು 735ರದು. ಶತಮಾನಗಳ ಕಾಲ ಯಾರಿಗೂ ಓದಲು ಬಾರದಿದ್ದ ಈ ಲಿಪಿಯನ್ನು 1893ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ವಿಲ್ಹೆಲ್ಮ್ ಥಾಮ್‌ಸೆನ್ ಬಿಡಿಸಿ ಓದಿದರು. ಚೀನೀಯರ ಸವಿಮಾತಿಗೂ ಮೃದುವಾದ ರೇಷ್ಮೆಗೂ ಮರುಳಾಗಬಾರದೆಂಬ ಎಚ್ಚರಿಕೆ ಆ ಶಾಸನಗಳಲ್ಲಿದೆ. ಅದಕ್ಕಿಂತಲೂ ಗಮನಾರ್ಹವಾದ ಸಂಗತಿಯೆಂದರೆ, ತುರ್ಕಿ ಸರದಾರರು ತಮ್ಮ ಹೆಸರು ಬಿರುದುಗಳನ್ನು ತೊರೆದು ಚೀನೀ ಬಿರುದುಗಳನ್ನು ಧರಿಸಿ ಪರರ ಸೇವೆಗೆ ನಿಂತರೆಂಬ ವಿಷಾದವನ್ನೂ ಅಲ್ಲಿ ಕೆತ್ತಲಾಗಿದೆ. ತಮ್ಮ ಹೆಸರನ್ನು ಉಳಿಸಿಕೊಳ್ಳುವ ಕಳವಳವು ಆ ಜನಾಂಗದ ಮೊದಲ ಬರೆಹಗಳಲ್ಲಿಯೇ ಕಾಣಿಸಿಕೊಂಡಿರುವುದು ಮನನೀಯ.

ಭಾರತೀಯರಿಗೆ ಈ ಜನರ ಹೆಸರು ‘ತುರುಷ್ಕ’ ಎಂಬ ಸಂಸ್ಕೃತ ರೂಪದಲ್ಲಿ ಪರಿಚಿತವಾಯಿತು. ಹನ್ನೆರಡನೆಯ ಶತಮಾನದ ಕಾಶ್ಮೀರ ಕವಿ ಕಲ್ಹಣನು ತನ್ನ ‘ರಾಜತರಂಗಿಣಿ’ಯಲ್ಲಿ ಕನಿಷ್ಕನೇ ಮೊದಲಾದ ಕುಷಾಣ ರಾಜರನ್ನೂ ತುರುಷ್ಕ ವಂಶದವರೆಂದೇ ಹೇಳಿದನು, ವಾಯವ್ಯದಿಂದ ಬಂದವರೆಲ್ಲರೂ ಅವನ ಕಾಲಕ್ಕೆ ತುರುಷ್ಕರಾಗಿಬಿಟ್ಟಿದ್ದರು. ಕನ್ನಡದಲ್ಲಿಯೂ ‘ತುರುಕ’ ಎಂಬ ತದ್ಭವವು ಅರಬ, ಪಾರಸಿಕ, ಆಫ್ಘನ್ ಎಂಬ ಭೇದವನ್ನು ವಿಚಾರಿಸದೆ ಮುಸಲ್ಮಾನರಿಗೆಲ್ಲ ಅನ್ವಯಿಸತೊಡಗಿತು. ದೂರದವರನ್ನು ಕುರಿತು ತಿಳಿವಳಿಕೆ ಕಡಮೆಯಾದಾಗ ಒಂದೇ ಹೆಸರು ಹಲವರ ಮೇಲೆ ಕವಿದುಕೊಳ್ಳುತ್ತದೆ. ಈ ನಿಯಮವು ಹಕ್ಕಿಯ ವಿಷಯದಲ್ಲಿಯೂ ಮುಂದೆ ಕಂಡುಬರುತ್ತದೆ.

ರೂಮ್ ನಾಡಿನಲ್ಲಿ ತುರ್ಕರು

ಇಸ್ಲಾಂ ಧರ್ಮವನ್ನು ಮೊದಲೇ ಅಂಗೀಕರಿಸಿದ್ದ ಸೆಲ್ಜುಕ್ ಎಂಬ ತುರ್ಕಿ ಮನೆತನವು ಹನ್ನೊಂದನೆಯ ಶತಮಾನದಲ್ಲಿ ಇರಾನಿನ ಮೂಲಕ ಪಶ್ಚಿಮಕ್ಕೆ ನಡೆಯಿತು. 1055ರಲ್ಲಿ ತೊಗ್ರಿಲ್ ಬೇಗನು ಬಾಗ್ದಾದನ್ನು ಪ್ರವೇಶಿಸಿದನು. 1071ರಲ್ಲಿ ಮಂಜಿಕರ್ಟ್ ಎಂಬಲ್ಲಿ ಆಲ್ಪ್ ಅರ್ಸಲಾನನು ಪೂರ್ವ ರೋಮನ್ ಚಕ್ರವರ್ತಿಯಾದ ನಾಲ್ಕನೆಯ ರೋಮಾನಸನನ್ನು ಸೋಲಿಸಿ ಸೆರೆಹಿಡಿದುದರಿಂದ ಅನಾತೋಲಿಯಾ ಪ್ರದೇಶದ ಬಾಗಿಲು ತುರ್ಕರಿಗೆ ತೆರೆಯಿತು. ರೋಮನರ ನೆಲವಾದುದರಿಂದ ಅದಕ್ಕೆ ‘ರೂಮ್’ ಎಂಬ ಹೆಸರು ಬಳಕೆಯಲ್ಲಿತ್ತು. ಕೊನ್ಯಾ ನಗರದಲ್ಲಿ ನೆಲೆಸಿ 1273ರಲ್ಲಿ ಕಾಲವಾದ ಅನುಭಾವಿ ಕವಿ ಜಲಾಲುದ್ದೀನನಿಗೆ ‘ರೂಮಿ’ ಎಂಬ ಹೆಸರು ಬಂದುದು ಆ ನಾಡಿನಿಂದಲೇ. ಹನ್ನೆರಡನೆಯ ಶತಮಾನದ ಕೊನೆಯ ವೇಳೆಗೆ ಯೂರೋಪಿನ ಲೇಖಕರು ಅದೇ ನೆಲವನ್ನು ‘ತುರ್ಕಿಯಾ’ ಎಂದು ಬರೆಯತೊಡಗಿದ್ದರು. ಅಲ್ಲಿ ನೆಲೆಸಿದವರು ಅದನ್ನು ರೂಮ್ ಎನ್ನುತ್ತಿರುವಾಗ ಹೊರಗಿನವರು ಅದನ್ನು ತುರ್ಕಿ ಎಂದರು.

ಸೆಲ್ಜುಕರು ಮಂಗೋಲರ ದಾಳಿಯಿಂದ ಕುಗ್ಗಿದ ಮೇಲೆ, ಹದಿಮೂರನೆಯ ಶತಮಾನದ ಕೊನೆಯಲ್ಲಿ ಉಸ್ಮಾನನೆಂಬ ಸಣ್ಣ ಪಾಳೆಯಗಾರನ ಮನೆತನವು ತಲೆಯೆತ್ತಿತು. 1326ರಲ್ಲಿ ಬುರ್ಸಾ ನಗರ ಅವರ ವಶವಾಯಿತು. 1402ರಲ್ಲಿ ಅಂಕಾರಾದ ಬಳಿ ತೈಮೂರನಿಂದ ಭಾರಿ ಸೋಲನ್ನುಂಡರೂ ಚೇತರಿಸಿಕೊಂಡು, 1453ರಲ್ಲಿ ಎರಡನೆಯ ಮಹಮ್ಮದನ ಕೈಯಲ್ಲಿ ಕಾನ್‌ಸ್ಟಾಂಟಿನೋಪಲನ್ನೇ ಗೆದ್ದರು. 1517ರಲ್ಲಿ ಸಲೀಮನು ಈಜಿಪ್ಟನ್ನು ಹಿಡಿದನು. ಅವನ ಮಗ ಸುಲೇಮಾನನ ಆಳಿಕೆಯಲ್ಲಿ (1520–1566) ಸಾಮ್ರಾಜ್ಯದ ಸೇನೆ ವಿಯೆನ್ನಾದ ಕೋಟೆಯವರೆಗೂ ಹೋಯಿತು.

ಇಷ್ಟು ದೊಡ್ಡ ಸಾಮ್ರಾಜ್ಯವನ್ನು ಹೊರಗಿನವರೆಲ್ಲ ‘ತುರ್ಕರ ರಾಜ್ಯ’ ಎನ್ನುತ್ತಿದ್ದರೂ ಅದನ್ನಾಳಿದವರು ತಮ್ಮನ್ನು ‘ಉಸ್ಮಾನ್ಲಿ’ಗಳೆಂದು, ಎಂದರೆ ಉಸ್ಮಾನನ ಮನೆತನದವರೆಂದು ಹೇಳಿಕೊಂಡರು. ಆಸ್ಥಾನದ ಸುಸಂಸ್ಕೃತರ ಬಾಯಲ್ಲಿ ‘ತುರ್ಕ’ ಎಂದರೆ ಹಳ್ಳಿಯ ಒರಟು ಒಕ್ಕಲಿಗನೆಂಬ ತಾತ್ಸಾರದ ಅರ್ಥವೇ ಹೆಚ್ಚಾಗಿತ್ತು. ಓರ್ಖೋನಿನ ಕಲ್ಲಿನಲ್ಲಿ ಹೆಮ್ಮೆಯಿಂದ ಕೆತ್ತಿಸಿದ ಹೆಸರು ಅವರ ಸ್ವಂತ ಅರಮನೆಯಲ್ಲಿಯೇ ಮೂಲೆಗುಂಪಾಯಿತು.

ಈ ಸಾಮ್ರಾಜ್ಯದ ಛಾಯೆ ಕನ್ನಡನಾಡಿನ ಮೇಲೆಯೂ ಬಿದ್ದಿದೆ. ವಿಜಯಪುರದ ಆದಿಲಶಾಹಿ ಮನೆತನದ ಸ್ಥಾಪಕನಾದ ಯೂಸುಫ್ ಆದಿಲಖಾನನು ಉಸ್ಮಾನ್ಲಿ ಸುಲ್ತಾನ ಎರಡನೆಯ ಮುರಾದನ ಮಗನೆಂದು ಅದೇ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ಇತಿಹಾಸಜ್ಞರು ಇದನ್ನು ಐತಿಹ್ಯವೆಂದೇ ಎಣಿಸುತ್ತಾರೆ. ಆದರೆ ಆ ಐತಿಹ್ಯ ಹುಟ್ಟಿದುದೇ ತುರ್ಕಿಯ ಹೆಸರಿಗಿದ್ದ ಗೌರವಕ್ಕೆ ಸಾಕ್ಷಿ. ವಿಜಯಪುರದ ಕೋಟೆಯ ಬುರುಜಿನ ಮೇಲಿರುವ ‘ಮಲಿಕ್-ಎ-ಮೈದಾನ್’ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದವನು ‘ರೂಮಿ’ ಎಂಬ ಹೆಸರು ಹೊತ್ತ ಕುಶಲಿ. ‘ತೋಪು’ ಎಂಬ ಮಾತೂ ತುರ್ಕಿ ಭಾಷೆಯದೇ. ಇಸ್ತಾಂಬುಲಿನ ‘ತೋಪ್‌ಕಪಿ’ ಅರಮನೆಯೆಂದರೆ ತೋಪಿನ ಬಾಗಿಲಿನ ಅರಮನೆ. ಶ್ರೀರಂಗಪಟ್ಟಣದ ಟೀಪು ಸುಲ್ತಾನನು ಬ್ರಿಟಿಷರ ವಿರುದ್ಧ ನೆರವನ್ನು ಬಯಸಿ ಕಳುಹಿಸಿದ ರಾಯಭಾರಿಗಳು 1786ರಲ್ಲಿ ಹಡಗನ್ನೇರಿದುದು ಇದೇ ಉಸ್ಮಾನ್ಲಿ ರಾಜಧಾನಿಗೆ.

ಹಕ್ಕಿಯ ವೃತ್ತಾಂತ

ಉಸ್ಮಾನ್ಲಿಗಳು ಈಜಿಪ್ಟನ್ನು ಗೆದ್ದ ಕಾಲದಲ್ಲಿಯೇ ಅಟ್ಲಾಂಟಿಕ್ ಸಾಗರದ ಆಚೆಗೆ ಸ್ಪೇನಿನವರು ಮೆಕ್ಸಿಕೋ ನಾಡನ್ನು ಪ್ರವೇಶಿಸುತ್ತಿದ್ದರು. ಅಲ್ಲಿನ ಸಂತೆಗಳಲ್ಲಿ ಅವರ ಕಣ್ಣಿಗೆ ಬಿದ್ದ ಸಾಕುಹಕ್ಕಿಗಳಲ್ಲಿ ಇದೂ ಒಂದು. ಮೆಕ್ಸಿಕೋದ ಜನರು ಇದನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಪಳಗಿಸಿದ್ದರು. ಆಜ್ಟೆಕ್ ಜನರ ನಹುವಾತ್ಲ್ ಭಾಷೆಯಲ್ಲಿ ಇದಕ್ಕೆ ‘ಹುವೆಶೋಲೋತ್ಲ್’ ಎಂಬ ಹೆಸರಿತ್ತು; ಮೆಕ್ಸಿಕೋದ ಸ್ಪ್ಯಾನಿಷ್ ಭಾಷೆಯಲ್ಲಿ ಅದರ ತದ್ಭವವಾದ ‘ಗುವಾಹೊಲೋತೆ’ ಇಂದಿಗೂ ಉಳಿದಿದೆ. ಉತ್ತರದ ಪ್ಯೂಬ್ಲೋ ಜನರು ಈ ಹಕ್ಕಿಯನ್ನು ಬಹುಮಟ್ಟಿಗೆ ಅದರ ಗರಿಗಳಿಗಾಗಿಯೇ ಸಾಕಿ, ಗರಿಗಳನ್ನು ನಾರಿನ ಹುರಿಗೆ ಸುತ್ತಿ ಚಳಿಗಾಲದ ಕಂಬಳಿಗಳನ್ನು ನೇಯುತ್ತಿದ್ದರು.

ಕಾಡಿನ ಟರ್ಕಿಯು ಗಂಭೀರವಾದ ಹಕ್ಕಿ. ಗಂಡು ಸಾಮಾನ್ಯವಾಗಿ 5ರಿಂದ 11 ಕಿಲೋಗ್ರಾಂ ತೂಗುತ್ತದೆ. ಹೆಣ್ಣು ಅದರ ಅರ್ಧದಷ್ಟು. ಮೈಗರಿಗಳು ಕಂಚಿನಂತೆ ಹೊಳೆಯುವ ಕಂದುಬಣ್ಣದವು. ತಲೆ ಕತ್ತುಗಳ ಮೇಲೆ ಗರಿಗಳಿರುವುದಿಲ್ಲ; ಕೊಕ್ಕಿನ ಮೇಲಿನಿಂದ ಮಾಂಸದ ಎಳೆಯೊಂದು ಜೋಲುತ್ತದೆ; ಎದೆಯಲ್ಲಿ ಕೂದಲಿನಂತಹ ಗಡ್ಡವಿರುತ್ತದೆ. ವಸಂತದಲ್ಲಿ ಗಂಡು ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆಗಳನ್ನು ನೆಲಕ್ಕೆ ಉಜ್ಜುತ್ತ, ದೂರಕ್ಕೆ ಕೇಳುವಂತೆ ಗುಡುಗುಟ್ಟುತ್ತದೆ. ಹೆಣ್ಣು ನೆಲದ ಮೇಲಿನ ತಗ್ಗಿನಲ್ಲಿ ಹತ್ತು ಹನ್ನೆರಡು ಮೊಟ್ಟೆಗಳನ್ನಿಟ್ಟು ಸುಮಾರು 28 ದಿನ ಕಾವು ಕೊಡುತ್ತದೆ. ಬೀಜ, ಹಣ್ಣು, ಕೀಟ ಇವು ಆಹಾರ. ಭಾರಿ ಮೈಯಿದ್ದರೂ ಅಲ್ಪದೂರ ವೇಗವಾಗಿ ಹಾರಬಲ್ಲದು. ರಾತ್ರಿ ಮರವೇರಿ ಮಲಗುತ್ತದೆ. ಮಾಂಸಕ್ಕಾಗಿ ಮನುಷ್ಯನು ಆಯ್ದು ಬೆಳೆಸಿದ ಇಂದಿನ ತಳಿಗಳಲ್ಲಾದರೋ ಎದೆಯ ಭಾರ ಹೆಚ್ಚಿ, ಹಾರುವುದಿರಲಿ, ಸಹಜವಾಗಿ ಕೂಡುವ ಶಕ್ತಿಯೂ ಉಳಿದಿಲ್ಲ. ಕೃತಕ ಗರ್ಭಧಾರಣೆಯಿಂದಲೇ ಅವುಗಳ ಸಂತಾನ ಮುಂದುವರಿಯಬೇಕಾಗಿದೆ. ಹಕ್ಕಿಯು ಕಳೆದುಕೊಂಡುದು ಹೆಸರನ್ನು ಮಾತ್ರವಲ್ಲ.

ಒಂದು ಹಕ್ಕಿ, ಹಲವು ದೇಶಗಳ ಹೆಸರು

ಈ ಹಕ್ಕಿ ಯೂರೋಪಿಗೆ ಬರುವ ಮೊದಲೇ ಅಲ್ಲಿ ಮತ್ತೊಂದು ಹಕ್ಕಿ ಪರಿಚಿತವಾಗಿತ್ತು. ಅದು ಆಫ್ರಿಕಾದ ಗಿನಿ ಕೋಳಿ. ಉಸ್ಮಾನ್ಲಿ ರಾಜ್ಯದ ಸರಕುಗಳನ್ನು ತರುವ ವ್ಯಾಪಾರಿಗಳ ಮೂಲಕ ಅದು ಬಂದುದರಿಂದ ಇಂಗ್ಲಿಷರು ಅದನ್ನು ‘ಟರ್ಕಿ ಕೋಳಿ’ ಎಂದಿದ್ದರು. ಅಮೆರಿಕಾದ ಹಕ್ಕಿ ಬಂದಾಗ ಎರಡರ ಭೇದವನ್ನರಿಯದೆ ಅದೇ ಹೆಸರನ್ನು ಇದಕ್ಕೂ ಅಂಟಿಸಿದರು. ಕಾಲಕ್ರಮದಲ್ಲಿ ಗಿನಿ ಕೋಳಿಗೆ ಬೇರೆ ಹೆಸರು ಬಂದಿತು. ತಪ್ಪು ಹೆಸರು ಹೊಸ ಹಕ್ಕಿಯಲ್ಲಿಯೇ ನಿಂತಿತು. 1550ರಲ್ಲಿ ವಿಲಿಯಂ ಸ್ಟ್ರಿಕ್‌ಲ್ಯಾಂಡ್ ಎಂಬ ಇಂಗ್ಲಿಷ್ ಗೃಹಸ್ಥನಿಗೆ ದೊರೆತ ಕುಲಲಾಂಛನದಲ್ಲಿ ಈ ಹಕ್ಕಿಯ ಚಿತ್ರವಿದೆ. ಆ ಕಾಲದ ಇಂಗ್ಲಿಷರಿಗೆ ಅಮೆರಿಕಾದಿಂದ ಬಂದ ಮುಸುಕಿನ ಜೋಳವೂ ‘ಟರ್ಕಿ ಗೋಧಿ’ಯೇ ಆಗಿತ್ತು. ಅಪರಿಚಿತವಾದುದೆಲ್ಲವೂ ತುರ್ಕಿಯದೆಂಬ ಭಾವನೆ ಇದು.

ಇತರರೂ ಇದೇ ದಾರಿ ಹಿಡಿದರು. ಕೊಲಂಬಸನು ತಾನು ಮುಟ್ಟಿದ ನೆಲವನ್ನು ಇಂಡಿಯಾ ಎಂದು ಭಾವಿಸಿದ್ದುದರಿಂದ ಫ್ರೆಂಚರು ಹಕ್ಕಿಯನ್ನು ‘ಇಂಡಿಯಾದ ಕೋಳಿ’ ಎಂದರು. ಅದು ಸವೆದು ‘ದ್ಯಾಂದ್’ ಆಯಿತು. ರಷ್ಯನ್ ಮತ್ತು ಪೋಲಿಷ್ ಭಾಷೆಗಳ ಹೆಸರುಗಳಲ್ಲಿಯೂ ಇಂಡಿಯಾ ಅಡಗಿದೆ. ಡಚ್ಚರ ‘ಕಾಲ್ಕೂನ್’, ಸ್ವೀಡನ್ನಿನ ‘ಕಲ್ಕೋನ್’ ಎಂಬವುಗಳಲ್ಲಿ ಮಲಬಾರಿನ ಕಲ್ಲಿಕೋಟೆ ಇದೆ. ಪೋರ್ಚುಗೀಸರು ‘ಪೆರು’ ಎಂದು ದಕ್ಷಿಣ ಅಮೆರಿಕಾದ ದೇಶವೊಂದರ ಹೆಸರನ್ನಿಟ್ಟರು. ಉತ್ತರ ಭಾರತದ ಹಿಂದಿ ಭಾಷೆ ಅದನ್ನೇ ಸ್ವೀಕರಿಸಿತು. ಈಜಿಪ್ಟಿನ ಅರಬರು ‘ರೂಮಿ ಹುಂಜ’ ಎಂದರು. ತುರ್ಕರು ‘ಹಿಂದಿ’ ಎಂದುದನ್ನು ಮೊದಲೇ ಹೇಳಿದೆ; ಅವರು ಮುಸುಕಿನ ಜೋಳವನ್ನು ಕರೆಯುವುದು ‘ಮಿಸಿರ್’, ಎಂದರೆ ಈಜಿಪ್ಟ್ ಎಂದು! 1758ರಲ್ಲಿ ಲಿನೇಯಸನು ಕೊಟ್ಟ ಶಾಸ್ತ್ರೀಯ ನಾಮವಾದರೂ ಶುದ್ಧವಾಗಿದೆಯೇ ಎಂದರೆ ಅದೂ ಇಲ್ಲ. ‘ಮೆಲಿಯಾಗ್ರಿಸ್ ಗ್ಯಾಲೋಪಾವೋ’ ಎಂಬುದರಲ್ಲಿ ಮೊದಲ ಪದ ಗಿನಿ ಕೋಳಿಯ ಗ್ರೀಕ್ ಹೆಸರು. ಎರಡನೆಯದು ಕೋಳಿ ನವಿಲುಗಳ ಸಮಾಸ. ಪರಕೀಯರಿಟ್ಟ ಇಷ್ಟೊಂದು ಹೆಸರುಗಳಲ್ಲಿ ಹಕ್ಕಿಯ ನಿಜವಾದ ತವರಾದ ಮೆಕ್ಸಿಕೋದ ಹೆಸರು ಎಲ್ಲಿಯೂ ಇಲ್ಲ.

ಇದನ್ನು ಕಂಡು ನಗುವ ಮೊದಲು ಕನ್ನಡಿಗರು ತಮ್ಮ ಅಡಿಗೆಮನೆಯತ್ತ ನೋಡಬಹುದು. ಅಮೆರಿಕಾದಿಂದ ಬಂದ ಹಣ್ಣು ‘ಫರಂಗಿ’ಯವರ ಕೈಯಿಂದ ದೊರೆತುದರಿಂದ ಪರಂಗಿ ಹಣ್ಣಾಯಿತು. ಮೆಕ್ಸಿಕೋ ಕಡೆಯ ಬಳ್ಳಿಯ ಕಾಯಿಯೊಂದು ಹೊರನಾಡಿನದೆಂಬ ಅರ್ಥದಲ್ಲಿ ಸೀಮೆಬದನೆಯಾಯಿತು. ಅದೇ ಕಾಯಿಯನ್ನು ನೆರೆಯ ತಮಿಳರೂ ತೆಲುಗರೂ ‘ಬೆಂಗಳೂರಿನ ಬದನೆ’ ಎನ್ನುತ್ತಾರೆ. ಬೆಂಗಳೂರಿಗರಿಗೆ ಅದು ಸೀಮೆಯದು. ನೆರೆಯವರಿಗೆ ಅದು ಬೆಂಗಳೂರಿನದು. ವಸ್ತುವು ಹುಟ್ಟಿದ ಊರಿನ ಹೆಸರನ್ನು ಸಂತೆ ಕೇಳುವುದಿಲ್ಲ. ಕೊನೆಗೆ ಯಾರ ಕೈಯಿಂದ ಬಂದಿತೋ ಅವರ ಹೆಸರನ್ನು ಇಡುತ್ತದೆ.

ಹೆಸರಿಲ್ಲದೆ ಕಂಡವನು

ಈ ಗೊಂದಲದ ನಡುವೆ ಒಂದು ಪ್ರಸಂಗ ವಿಶೇಷವಾಗಿ ಸ್ಮರಣೀಯ. 1612ರಲ್ಲಿ ಮುಕರ್ರಬಖಾನನೆಂಬ ಅಧಿಕಾರಿಯು ಗೋವೆಯಿಂದ ಅಪರೂಪದ ಪ್ರಾಣಿ ಪಕ್ಷಿಗಳನ್ನು ಕೊಂಡು ಮೊಗಲ ಚಕ್ರವರ್ತಿ ಜಹಾಂಗೀರನಿಗೆ ಒಪ್ಪಿಸಿದನು. ಅವುಗಳಲ್ಲಿ ಈ ಹಕ್ಕಿಯೂ ಇತ್ತು. ಜಹಾಂಗೀರನು ತೈಮೂರನ ವಂಶದವನು. ಅವನ ಮುತ್ತಾತ ಬಾಬರನು ತನ್ನ ಆತ್ಮಕಥೆಯನ್ನು ಬರೆದುದು ತುರ್ಕಿ ಭಾಷೆಯಲ್ಲಿ. ಇಂಗ್ಲಿಷರು ತುರ್ಕಿಯದೆಂದು ಕರೆದ ಹಕ್ಕಿ, ತುರ್ಕರು ಭಾರತದ್ದೆಂದು ಕರೆದ ಹಕ್ಕಿ, ಭಾರತವನ್ನಾಳುತ್ತಿದ್ದ ತುರ್ಕಿ ಕುಲಜನ ಎದುರಿಗೆ ಬಂದು ನಿಂತಿತು. ಅವನಿಗಾಗಲಿ ಅವನ ಆಸ್ಥಾನದವರಿಗಾಗಲಿ ಅದು ಯಾವುದೆಂದು ತಿಳಿಯಲಿಲ್ಲ! ಇಂತಹ ಪ್ರಾಣಿಗಳ ಹೆಸರು ಅದುವರೆಗೆ ಯಾರಿಗೂ ಗೊತ್ತಿರಲಿಲ್ಲವೆಂದು ಜಹಾಂಗೀರನು ತನ್ನ ದಿನಚರಿಯಲ್ಲಿ ಒಪ್ಪಿಕೊಂಡಿದ್ದಾನೆ.

ಹೆಸರು ಗೊತ್ತಿಲ್ಲದ್ದರಿಂದ ಅವನು ಹಕ್ಕಿಯನ್ನೇ ನೋಡಿದನು. ಅದರ ಗಾತ್ರವನ್ನು ನವಿಲಿನೊಡನೆ ಹೋಲಿಸಿದನು. ಕೊಕ್ಕು ಕಾಲುಗಳು ಹುಂಜನವುಗಳಂತಿರುವುದನ್ನು ಗುರುತಿಸಿದನು. ತಲೆ ಕತ್ತುಗಳ ಬಣ್ಣ ಕ್ಷಣಕ್ಷಣಕ್ಕೂ ಕೆಂಪು, ಬಿಳಿ, ನೀಲಿಯಾಗಿ ಬದಲಾಗುವುದನ್ನು ಬರೆದಿಟ್ಟನು. ಅವನ ಆಸ್ಥಾನದ ಶ್ರೇಷ್ಠ ಚಿತ್ರಕಾರ ಉಸ್ತಾದ್ ಮನ್ಸೂರನು ರಚಿಸಿದ ಆ ಹಕ್ಕಿಯ ಚಿತ್ರ ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಜಹಾಂಗೀರನು ಕಂಡ ಬಣ್ಣದ ಬದಲಾವಣೆಗೆ ಕಾರಣವನ್ನು ವಿಜ್ಞಾನ ಈಗ ವಿವರಿಸುತ್ತದೆ. ಹಕ್ಕಿಯು ಉದ್ವಿಗ್ನವಾದಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ ಅಥವಾ ಕುಗ್ಗುತ್ತವೆ. ಅದರಿಂದ ಚರ್ಮದೊಳಗಿನ ನಾರಿನ ಕಟ್ಟುಗಳ ನಡುವಣ ಅಂತರ ಬದಲಾಗಿ ಬೆಳಕು ಬೇರೆ ಬೇರೆ ಬಣ್ಣವಾಗಿ ಚೆದರುತ್ತದೆ. 2014ರಲ್ಲಿ ಅಮೆರಿಕಾದ ವಿಜ್ಞಾನಿಗಳು ಇದೇ ತತ್ತ್ವದ ಮೇಲೆ ವಿಷಾನಿಲಗಳನ್ನು ಬಣ್ಣದಿಂದ ಗುರುತಿಸುವ ಸಾಧನವನ್ನು ರೂಪಿಸಿದರು. ಹೆಸರನ್ನು ಬಲ್ಲೆವೆಂದುಕೊಂಡ ವ್ಯಾಪಾರಿಗಳೆಲ್ಲ ತಪ್ಪಿದರು. ಹೆಸರನ್ನರಿಯದೆ ಕಣ್ಣಿಟ್ಟು ನೋಡಿದವನು ಸತ್ಯವನ್ನು ಬರೆದನು.

ಹೆಸರನ್ನು ಮರಳಿ ಪಡೆದುದು

ಇತ್ತ ಉಸ್ಮಾನ್ಲಿ ಸಾಮ್ರಾಜ್ಯವು 1683ರಲ್ಲಿ ವಿಯೆನ್ನಾದ ಎರಡನೆಯ ಮುತ್ತಿಗೆಯಲ್ಲಿ ವಿಫಲವಾದ ಮೇಲೆ ಹಿಮ್ಮೆಟ್ಟುತ್ತ ಹೋಯಿತು. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಯ ಪಕ್ಷ ವಹಿಸಿ ಸೋತಿತು. 1915ರಿಂದ ಆರ್ಮೀನಿಯನ್ನರನ್ನು ನೆಲದಿಂದ ಕಿತ್ತು ಲಕ್ಷಾಂತರ ಜನರನ್ನು ಸಾವಿಗೀಡುಮಾಡಿದ ಘೋರ ಅಧ್ಯಾಯವೂ ಆ ಕಾಲದ್ದೇ. ಸೋತ ನಾಡನ್ನು ವಿಜೇತರು ಹಂಚಿಕೊಳ್ಳಲು ಹೊರಟಾಗ ಮುಸ್ತಫಾ ಕೆಮಾಲ್ ಪಾಷಾ ಅವರು ಅನಾತೋಲಿಯಾದ ರೈತರನ್ನೂ ಸೈನಿಕರನ್ನೂ ಕೂಡಿಸಿ ಹೋರಾಡಿದರು. 1922ರ ನವೆಂಬರ್ 1ರಂದು ಸುಲ್ತಾನ ಪದವಿ ರದ್ದಾಯಿತು. 1923ರ ಅಕ್ಟೋಬರ್ 29ರಂದು ಗಣರಾಜ್ಯ ಘೋಷಿತವಾಯಿತು. 1924ರ ಮಾರ್ಚಿಯಲ್ಲಿ ಖಲೀಫ ಪದವಿಯೂ ಹೋಗಿ, ಅದರ ಉಳಿವಿಗಾಗಿ ಭಾರತದಲ್ಲಿ ನಡೆದಿದ್ದ ಖಿಲಾಫತ್ ಚಳವಳಿಗೆ ಆಧಾರವೇ ಇಲ್ಲದಂತಾಯಿತು.

ಹೊಸ ರಾಜ್ಯದ ಹೆಸರು ‘ತುರ್ಕಿಯೆ’. ಅರಮನೆಯವರು ತಾತ್ಸಾರದಿಂದ ಹಳ್ಳಿಗನಿಗೆ ಬಿಟ್ಟುಕೊಟ್ಟಿದ್ದ ಹೆಸರನ್ನು ಕೆಮಾಲರು ನಾಡಿನ ನೆತ್ತಿಯ ಮೇಲಿಟ್ಟರು. 1928ರ ನವೆಂಬರ್ 1ರಂದು ಅರಬ್ಬಿ ಲಿಪಿಗೆ ಬದಲಾಗಿ ಲ್ಯಾಟಿನ್ ಮೂಲದ ಹೊಸ ಲಿಪಿಯ ಕಾಯಿದೆಯಾಯಿತು. 1934ರಲ್ಲಿ ಪ್ರತಿಯೊಬ್ಬನೂ ಮನೆತನದ ಹೆಸರನ್ನು ಹೊಂದಬೇಕೆಂಬ ಕಾಯಿದೆ ಬಂದು, ಕೆಮಾಲರಿಗೆ ಲೋಕಸಭೆಯು ‘ಅತಾತುರ್ಕ್’, ಎಂದರೆ ತುರ್ಕರ ತಂದೆ, ಎಂಬ ಹೆಸರನ್ನಿತ್ತಿತು. ಅದೇ ವರ್ಷ ಸ್ತ್ರೀಯರಿಗೆ ಲೋಕಸಭಾ ಚುನಾವಣೆಯ ಮತಾಧಿಕಾರವೂ ದೊರೆಯಿತು.

ಆದರೆ ಈ ಚರಿತ್ರೆಗೆ ಮತ್ತೊಂದು ಮುಖವುಂಟು. ತನ್ನ ಹೆಸರನ್ನು ಮರಳಿ ಪಡೆದ ರಾಜ್ಯವು ಕುರ್ದರ, ಆರ್ಮೀನಿಯನ್ನರ, ಗ್ರೀಕರ ಸಾವಿರಾರು ಹಳ್ಳಿಗಳ ಹಳೆಯ ಹೆಸರುಗಳನ್ನು ಅಳಿಸಿ ತುರ್ಕಿ ಹೆಸರುಗಳನ್ನಿಟ್ಟಿತು. ಹೆಸರನ್ನು ಕಳೆದುಕೊಂಡ ನೋವನ್ನು ಬಲ್ಲವರೇ ಇತರರ ಹೆಸರನ್ನು ಕಸಿದುಕೊಂಡುದು ಇತಿಹಾಸದ ವಿಪರ್ಯಾಸ.

ಹೊರಗಿನ ಜಗತ್ತು ಮಾತ್ರ ಈ ನಾಡನ್ನು ಹಕ್ಕಿಯ ಹೆಸರಿನಿಂದಲೇ ಕರೆಯುತ್ತಿತ್ತು. ಇಂಗ್ಲಿಷಿನಲ್ಲಿ ‘ಟರ್ಕಿ’ ಎಂಬ ಮಾತಿಗೆ ಆಡುನುಡಿಯಲ್ಲಿ ಮೂರ್ಖ, ಸೋತ ಪ್ರಯತ್ನ ಎಂಬ ಅರ್ಥಗಳೂ ಸೇರಿಕೊಂಡಿದ್ದುವು. ಎಂದೋ ನಾಡಿನಿಂದ ಹಕ್ಕಿಗೆ ಹೋದ ಹೆಸರು ಹೀಗೆ ಮಲಿನವಾಗಿ ನಾಡಿಗೇ ಹಿಂದಿರುಗಿತ್ತು. 2021ರ ಡಿಸೆಂಬರಿನಲ್ಲಿ ಅಲ್ಲಿನ ಸರಕಾರವು ಎಲ್ಲ ಭಾಷೆಗಳ ವ್ಯವಹಾರದಲ್ಲಿಯೂ ‘ತುರ್ಕಿಯೆ’ ಎಂಬ ರೂಪವನ್ನೇ ಬಳಸಬೇಕೆಂದು ಆದೇಶ ಹೊರಡಿಸಿತು. 2022ರ ಜೂನ್ ತಿಂಗಳಲ್ಲಿ ವಿಶ್ವಸಂಸ್ಥೆ ಅದನ್ನು ಮನ್ನಿಸಿತು. 1973ರ ನವೆಂಬರ್ 1ರಂದು ‘ಮೈಸೂರು’ ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದಾಗ ಹಿಗ್ಗಿದ ಕನ್ನಡಿಗರಿಗೆ, ಒಂದು ನಾಡು ತನ್ನನ್ನು ತನ್ನ ಮಾತಿನಲ್ಲಿಯೇ ಕರೆಯಿರೆಂದು ಕೇಳುವುದರ ಅರ್ಥವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ನಾಡಿಗೆ ಬಾಯಿಯಿದೆ, ತನ್ನ ಹೆಸರನ್ನು ಅದು ತಾನೇ ಹೇಳಿಕೊಂಡಿತು. ಹಕ್ಕಿಗೆ ಆ ಭಾಗ್ಯವಿಲ್ಲ. ಅದರ ಪರವಾಗಿ ಹೇಳಬೇಕಾದವರು ಅದನ್ನು ಬಲ್ಲವರು, ಮುಖ್ಯವಾಗಿ ಮಕ್ಕಳಿಗೆ ಪಾಠ ಹೇಳುವವರು. ಚಿತ್ರವನ್ನು ತೋರಿಸಿ ಪ್ರಶ್ನೆ ಕೇಳಿದ ಬಾಲಕನಿಗೆ ಉಪಾಧ್ಯಾಯರು ಇಷ್ಟು ಹೇಳಿದರೆ ಸಾಕು: ‘ಟರ್ಕಿ’ ಎಂಬುದು ಈ ಹಕ್ಕಿಗೆ ರೂಢನಾಮ, ಅನ್ವರ್ಥನಾಮವಲ್ಲ. ಇದರ ತವರು ಅಮೆರಿಕಾ. ಇದನ್ನು ಮೊದಲು ಸಾಕಿದವರು ಮೆಕ್ಸಿಕೋದ ಜನರು. ಅವರು ಇದನ್ನು ಹುವೆಶೋಲೋತ್ಲ್ ಎಂದು ಕರೆದರು. ಹೆಸರನ್ನು ಕೇಳಿದ ಮೇಲೆ, ಮಗೂ, ಹಕ್ಕಿಯನ್ನೂ ಒಮ್ಮೆ ಚೆನ್ನಾಗಿ ನೋಡು.